ಮೆಗಾಪಿಕ್ಸೆಲ್‌ಗಿಂತ ಸೆನ್ಸರ್ ಮುಖ್ಯ

ಮಾನ್ಯ ಸಂಪಾದಕರೇ,

ಬೀದರ್‌ನಲ್ಲಿ ಮೊದಲ ಕ್ಯಾಮೆರಾ ಕೊಳ್ಳಲು ಹೊರಟ ವಿದ್ಯಾರ್ಥಿಗಳು ಮೆಗಾಪಿಕ್ಸೆಲ್ ಸಂಖ್ಯೆಯೊಂದನ್ನೇ ನೋಡಿ ನಿರ್ಧರಿಸುತ್ತಿರುವುದು ನನಗೆ ಕಳವಳ ತಂದಿದೆ. ಮಂದ ಬೆಳಕಿನಲ್ಲಿ ಚಿತ್ರದ ಗುಣಮಟ್ಟವನ್ನು ನಿರ್ಧರಿಸುವುದು ಮುಖ್ಯವಾಗಿ ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಸೆನ್ಸರ್‌ನ ವಿಸ್ತೀರ್ಣ ಮತ್ತು ಲೆನ್ಸ್. ಲೆನ್ಸ್ ಬದಲಿಸಬಹುದಾದ, ಆರಂಭಿಕ ಹಂತದ ಡಿಎಸ್ಎಲ್ಆರ್‌ಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಅಳತೆಯ ಸೆನ್ಸರ್ ಸುಮಾರು 22 ಮಿ.ಮೀ. ಅಗಲ, 15 ಮಿ.ಮೀ. ಎತ್ತರವಿದ್ದರೆ, ಅಗ್ಗದ ಕಾಂಪ್ಯಾಕ್ಟ್ ಕ್ಯಾಮೆರಾಗಳ ಸೆನ್ಸರ್ ಹೆಚ್ಚಾಗಿ 6 ಮಿ.ಮೀ. ಅಗಲ, 4.5 ಮಿ.ಮೀ. ಎತ್ತರದ ಆಸುಪಾಸಿನಲ್ಲಿರುತ್ತದೆ, ವಿಸ್ತೀರ್ಣದಲ್ಲಿ ಹತ್ತು ಪಟ್ಟಿಗೂ ಮೀರಿದ ಅಂತರವಿದು.

ಬೀದರ್ ಬಳಿಯ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ಗೋರಿಯೊಳಗಿನ ವರ್ಣಚಿತ್ರಗಳನ್ನು ಫ್ಲ್ಯಾಷ್ ಇಲ್ಲದೆ ಸೆರೆಹಿಡಿಯಬೇಕೆಂದರೆ ಚಿಕ್ಕ ಸೆನ್ಸರ್‌ನ ಕ್ಯಾಮೆರಾ ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಬೇಕಾಗುತ್ತದೆ, ಆಗ ಸೂಕ್ಷ್ಮ ರೇಖೆಗಳೆಲ್ಲ ಕಣಕಣವಾಗಿ ಕಲಸಿಹೋಗುತ್ತವೆ. ಡಿಎಸ್ಎಲ್ಆರ್‌ಗಾದರೆ ಜೊತೆಗೆ ಬರುವ 18-55 ಮಿ.ಮೀ. ಲೆನ್ಸ್ ತೆಗೆದು, 50 ಮಿ.ಮೀ. ಎಫ್/1.8 ಲೆನ್ಸ್ ಜೋಡಿಸಬಹುದು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು), ಮೊದಲಿನ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗಿನ ಎಫ್/5.6ಕ್ಕೆ ಹೋಲಿಸಿದರೆ ಅದು ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ.

ಹಾಗೆಂದು ಎಲ್ಲರೂ ಡಿಎಸ್ಎಲ್ಆರ್ ಕೊಳ್ಳಬೇಕಿಲ್ಲ. ಹಗಲಿನಲ್ಲಿ ಕೋಟೆಯನ್ನೋ, 1472ರ ಮಹಮೂದ್ ಗವಾನ್ ಮದರಸಾವನ್ನೋ, ಜಾತ್ರೆಯಲ್ಲಿ ಮಕ್ಕಳನ್ನೋ ತೆಗೆಯುವವರಿಗೆ ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಧಾರಾಳವಾಗಿ ಸಾಕು. ಲೆನ್ಸ್ ಬದಲಿಸುವಾಗ ನಮ್ಮ ಬೇಸಿಗೆಯ ಧೂಳು ಸೆನ್ಸರ್ ಮೇಲೆ ಕೂರುವ ಭಯವೂ ಇಲ್ಲ. ಆದರೆ ಎರಡನೆಯ ಲೆನ್ಸ್ ಕೊಳ್ಳುವ ಉದ್ದೇಶವೇ ಇಲ್ಲದೆ ಡಿಎಸ್ಎಲ್ಆರ್‌ಗೆ ಹಣ ಸುರಿಯುವುದು, ನನ್ನ ಮಟ್ಟಿಗೆ, ವ್ಯರ್ಥ.

ತಯಾರಕರ ವಿವರಪಟ್ಟಿಗಳಲ್ಲಿ ಸೆನ್ಸರ್ ಅಳತೆ ಇದ್ದೇ ಇರುತ್ತದೆ. ಅದನ್ನು ಬೆಲೆಚೀಟಿಯ ಮೇಲೂ ಮೆಗಾಪಿಕ್ಸೆಲ್ ಪಕ್ಕದಲ್ಲೇ ಕನ್ನಡದಲ್ಲಿ ಬರೆಯಬೇಕೆಂದು ಜಿಲ್ಲೆಯ ವ್ಯಾಪಾರಿಗಳಲ್ಲಿ ವಿನಂತಿಸುತ್ತೇನೆ.

— ಓದುಗ, ಬೀದರ್