ಅವನನ್ನು ಇಷ್ಟು ಬೇಗ ಸ್ವರ್ಗಕ್ಕೆ ಕಳಿಸಬೇಡ

ಪ್ರೀತಿಯ ತಮ್ಮಾ,

ತೀರಿಹೋದ ಗೆಳೆಯನ ಬಗ್ಗೆ ನೀನು ಬರೆದದ್ದು ಓದಿದೆ. ಸಿರುಗುಪ್ಪ ರಸ್ತೆಯ ಅಪಘಾತ ಎರಡನೇ ಸಾಲಿಗೇ ಮುಗಿದುಹೋಗಿದೆ. ಮೂರನೇ ಸಾಲಿನಲ್ಲಿ ನಿನ್ನ ಗೆಳೆಯ ಆಗಲೇ ಕರ್ತನ ಬಳಿ ವಿಶ್ರಾಂತಿಯಲ್ಲಿದ್ದಾನೆ. ಅಲ್ಲಿಂದ ಕೊನೆತನಕ ಬರೀ ಬೈಬಲಿನ ವಾಕ್ಯಗಳು. ನನ್ನ ನಂಬಿಕೆಯೂ ಅದೇ. ಆದರೆ ಸತ್ತ ಹುಡುಗ ಎಂಥವನು ಅಂತ ಪೂರ್ತಿ ಓದಿದರೂ ಗೊತ್ತಾಗಲಿಲ್ಲ.

ಬೈಬಲಿನ ಎರಡನೇ ಸಮುವೇಲದ ಮೊದಲ ಅಧ್ಯಾಯ ತೆಗೆದು ನೋಡು. ಗೆಳೆಯ ಯೋನಾತಾನ ಸತ್ತ ಸುದ್ದಿ ಕೇಳಿ ದಾವೀದ ಶೋಕಗೀತೆ ಹಾಡುತ್ತಾನೆ. ಅಷ್ಟೊಂದು ಕೀರ್ತನೆಗಳಲ್ಲಿ ದೇವರನ್ನು ಕೂಗಿದವನು ಆ ಹಾಡಿನಲ್ಲಿ ಒಮ್ಮೆಯೂ ದೇವರ ಹೆಸರೆತ್ತುವುದಿಲ್ಲ. ಗೆಳೆಯ ಬಿದ್ದ ಗಿಲ್ಬೋವ ಬೆಟ್ಟದ ಮೇಲೆ ಮಳೆ, ಮಂಜು ಎರಡೂ ಬೀಳದಿರಲಿ ಎಂದು ಶಪಿಸುತ್ತಾನೆ. ಬಳ್ಳಾರಿಯವರಿಗೆ ಆ ಶಾಪ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಹೆಸರು ಹಿಡಿದು ಅಳುತ್ತಾನೆ. ಅಷ್ಟೆ. ಸಮಾಧಾನದ ಒಂದು ಮಾತೂ ಅಲ್ಲಿಲ್ಲ. ಆದರೂ ಅದು ಬೈಬಲಿನಲ್ಲೇ ಇದೆ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಮಾರ್ಥಳ ತಮ್ಮ ಲಾಜರ ಸಮಾಧಿ ಸೇರಿ ನಾಲ್ಕು ದಿನ. ಪುನರುತ್ಥಾನದ ಮಾತು ಬರುವ ಮೊದಲೇ ಮಾರ್ಥ ಯೇಸುವಿನ ಮುಖಕ್ಕೇ ಹೇಳಿಬಿಡುತ್ತಾಳೆ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ. ಸತ್ತವನನ್ನು ಬದುಕಿಸಿ ಎಬ್ಬಿಸುತ್ತೇನೆಂದು ಗೊತ್ತಿದ್ದ ಯೇಸುವೇ ಅತ್ತ. ನಿನಗ್ಯಾಕೆ ಅವಸರ? ನಿನ್ನ ದೂರೂ ಬರಲಿ. (ಸಭೆಯ ಹಿರಿಯರು ಮುಖ ಗಂಟಿಕ್ಕಿದರೆ ಈ ಅಧ್ಯಾಯ ತೋರಿಸು.)

ಮೊನ್ನೆ ಫೋನಿನಲ್ಲಿ ಬಾಯಿತಪ್ಪಿ ಹೇಳಿದೆಯಲ್ಲ, ಸರಕು ಇರುವುದು ಅಲ್ಲಿ. ಲೆಂಟ್, ಅಂದರೆ ಈಸ್ಟರಿನ ಮುಂಚಿನ ವ್ರತದ ದಿನಗಳು, ಮುಗಿಯೋ ತನಕ ಮಿರ್ಚಿ ಬಿಟ್ಟೆ ಎಂದವನು, ಕೌಲ್ ಬಜಾರಿನಲ್ಲಿ ನಿನ್ನ ತಟ್ಟೆಯ ಮಿರ್ಚಿಯ ಮೇಲಿನ ಹಿಟ್ಟನ್ನಷ್ಟೇ ಕಿತ್ತು ತಿಂದು, "ಮೆಣಸಿನಕಾಯಿ ಮುಟ್ಟಿಲ್ಲಪಾ, ಬೇಕಾದ್ರೆ ನೋಡು" ಅಂದದ್ದು. ಕ್ವಾಯರಿನಲ್ಲಿ ತಾನೇ ಶ್ರುತಿ ತಪ್ಪಿ ಪಕ್ಕದವನನ್ನು ದುರುಗುಟ್ಟಿ ನೋಡುತ್ತಿದ್ದದ್ದು. ನಿನ್ನ ರೆಕಾರ್ಡ್ ಬುಕ್ ಒಯ್ದು ವೈವಾ ದಿನದವರೆಗೂ ಕೊಡದೆ ಸತಾಯಿಸಿದ್ದು. ಇವನ್ನೇಕೆ ಬಿಟ್ಟೆ? ಸತ್ತವರ ಬಗ್ಗೆ ಹಗುರವಾಗಿ ಬರೆಯಬಾರದು ಅಂತಲೇ? ಕೊನೆಯ ದಿನ ಎದ್ದುಬರುವವನು ಅವನೇ ತಾನೆ, ಯಾರೋ ಸಂತನಲ್ಲವಲ್ಲ.

ಭಾಷೆಯ ಬಗ್ಗೆಯೂ ಒಂದು ಮಾತು. ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ನಿಮ್ಮೂರು ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ಕೂತರು. ಇಡೀ ಗ್ರಂಥ ಆದದ್ದು 1831ಕ್ಕೆ. ಬೈಬಲಿನ ಆ ಬಗೆಯ ಕನ್ನಡ ಆರಾಧನೆಯಲ್ಲಿ ಕೇಳಲು ಚೆಂದ, ನಿನಗೂ ಅದು ಬಾಯಿಪಾಠ. ಆದರೆ ಹುಡುಗನ ತಾಯಿ ಅತ್ತದ್ದು ತೆಲುಗು ಬೆರೆತ ಬಳ್ಳಾರಿ ಮಾತಿನಲ್ಲಿ. ಅದನ್ನು ತಿದ್ದಲು ಹೋಗಬೇಡ.

ಅಚ್ಚಿಗೆ ಕೊಡುವ ಮೊದಲು ಆ ತಾಯಿಯ ಮುಂದೆ ಕೂತು ಓದು. ಬೇಡ ಅಂದದ್ದನ್ನು ಮರುಮಾತಾಡದೆ ತೆಗೆ. ಈಸ್ಟರ್ ಸಂಚಿಕೆಗೇ ಬೇಕು ಅಂತ ಸಂಪಾದಕರು ಬೆನ್ನುಹತ್ತಿದರೆ, ಮುಂದಿನ ವರ್ಷವೂ ಈಸ್ಟರ್ ಬರುತ್ತದೆ ಅಂತ ಹೇಳು.

ನಿನ್ನ ಅಣ್ಣ