ಮಾವಿನ ಹೂವಿಗೆ ಔಷಧಿ ಹೊಡೆಯುವುದನ್ನು ನಿಲ್ಲಿಸಿ: ತೋಟಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರಿಗೆ ನಮಸ್ಕಾರಗಳು.

ನಾನು ಕೋಲಾರ ಸೀಮೆಯ ಸಣ್ಣ ಮಾವು ಬೆಳೆಗಾರ. ಬಾದಾಮಿ, ತೋತಾಪುರಿ, ನೀಲಂ ಮರಗಳಿವೆ. ಅವುಗಳ ನಡುವೆ ತುಡುವೆ ಜೇನಿನ ಪೆಟ್ಟಿಗೆಗಳೂ ಇದ್ದವು. ವರ್ಷಾವರ್ಷ ಮಾಘ ಬಂತೆಂದರೆ ನಮಗೆ ಇದೇ ಗೋಳು. ಈ ಸಲ ಸಹಿಸಲು ಆಗಲಿಲ್ಲ. ನಾನು ಕೇಳುವುದು ಒಂದೇ: ಮಾವು ಹೂ ಅರಳಿ ನಿಂತಾಗ ಕೀಟನಾಶಕ ಹೊಡೆಯುವುದನ್ನು ನಿಲ್ಲಿಸಿ.

ನಮ್ಮ ಕಡೆ ಹೂ ನೋಡಿಯೇ ಫಸಲಿನ ವ್ಯಾಪಾರ ಮುಗಿದುಹೋಗುತ್ತದೆ. ಹಾಗೆ ಪಕ್ಕದ ತೋಟ ಗುತ್ತಿಗೆ ಹಿಡಿದವರು ಬೆಳಿಗ್ಗೆ ಹತ್ತರ ಹೊತ್ತಿಗೆ ಟ್ರ್ಯಾಕ್ಟರ್‌ನಲ್ಲಿ ಡ್ರಮ್ಮು ತಂದು ಔಷಧಿ ಹೊಡೆಯಲು ನಿಂತರು. ಜೇನು ಹೂವಿನ ಮೇಲಿರುವ ಹೊತ್ತು ಅದು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಕೂಗಿ ಹೇಳಿದೆ, ಕೈ ಮುಗಿದೆ, ಕೇಳಲಿಲ್ಲ. ಮಧ್ಯಾಹ್ನದೊಳಗೆ ಪೆಟ್ಟಿಗೆಗಳ ಬಾಗಿಲಲ್ಲಿ ಹುಳುಗಳ ರಾಶಿ ಬಿದ್ದಿತ್ತು. ಸತ್ತವು ನಾಲಿಗೆ ಹೊರಚಾಚಿಕೊಂಡಿದ್ದವು. ಸಾಯದವು ಹಾರಲಾರದೆ ರೆಕ್ಕೆ ನಡುಗಿಸುತ್ತಾ ನೆಲದ ಮೇಲೆ ಗಿರಗಿರ ಸುತ್ತುತ್ತಿದ್ದವು. ಎಷ್ಟೋ ಹುಳುಗಳ ಹಿಂಗಾಲಿನಲ್ಲಿ ಪರಾಗದ ಉಂಡೆ ಹಾಗೇ ಅಂಟಿಕೊಂಡಿತ್ತು. ನನ್ನ ಹೆಂಡತಿ ಪೊರಕೆ ಮುಟ್ಟಲಿಲ್ಲ, ಕೈಯಲ್ಲೇ ಬಾಚಿ ಮೊರಕ್ಕೆ ತುಂಬಿದಳು. ಉಳಿದ ಹುಳುಗಳು ರಾಣಿಯೊಂದಿಗೆ ಎದ್ದು ಹೋದವು. ಈಗ ಪೆಟ್ಟಿಗೆಗಳು ಖಾಲಿ.

ದೂರು ಹಿಡಿದು ಹೋದರೆ ಒಂದು ಕಚೇರಿಯಲ್ಲಿ "ಜೇನು ಮಾತ್ರ ನಮ್ಮದು, ಔಷಧಿ ಬೇರೆಯವರದ್ದು" ಎಂದರು. ಇನ್ನೊಂದರಲ್ಲಿ "ಔಷಧಿ ನಕಲಿಯಾಗಿದ್ದರೆ ಹೇಳಿ, ನೋಡೋಣ" ಎಂದರು. ಅಸಲಿ ಔಷಧಿಯಿಂದಲೇ ಸತ್ತ ಜೇನಿಗೆ ದಿಕ್ಕು ಯಾರು ಸ್ವಾಮಿ?

ನಿಯಮ ತಮಗೆ ತಿಳಿಯದ್ದಲ್ಲ. ಜೇನಿಗೆ ಅಪಾಯ, ಹೂ ಬಿಟ್ಟಾಗ ಸಿಂಪಡಿಸಬೇಡಿ ಎಂದು ಎಷ್ಟೋ ಡಬ್ಬಿಗಳ ಜೊತೆ ಬರುವ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಇರುವೆ ಕಾಲಿನಂಥ ಅಕ್ಷರದಲ್ಲಿ. ಅದನ್ನು ಓದುವವರು ಯಾರು, ಓದಿಸುವವರು ಯಾರು? ಅವರು ಔಷಧಿ ಹೊಡೆಯುವುದು ಜಿಗಿಹುಳುವಿಗೆ. ಅದರ ಕಾಟ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ರಸ ಹೀರಿ ಅಂಟು ಸುರಿಸಿದರೆ ತೆನೆಯೆಲ್ಲ ಮಸಿ ಹಿಡಿಯುತ್ತದೆ, ನನಗೂ ನಷ್ಟವಾಗಿದೆ. ಆದರೆ ಹೂತೆನೆ ಹೊರಡುವಾಗ ಒಮ್ಮೆ, ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಬೇಕಿದ್ದರೆ ಇನ್ನೊಮ್ಮೆ ಹೊಡೆದರೆ ಸಾಕು. ನಡುವಿನ ಆ ಕೆಲವು ದಿನ ಹೂವನ್ನು ಜೇನು, ನೊಣಗಳಿಗೆ ಬಿಡಬೇಕು.

ಯಾಕೆಂದರೆ ಮಾವಿನ ಒಂದು ತೆನೆಯಲ್ಲಿ ಸಾವಿರಕ್ಕೂ ಹೆಚ್ಚು ಹೂ ಇರಬಹುದು, ಬಹುಪಾಲು ಗಂಡು. ಕಾಯಿ ಕಚ್ಚುವುದು ಗಂಡು, ಹೆಣ್ಣು ಎರಡೂ ಇರುವ ದ್ವಿಲಿಂಗಿ ಹೂ ಮಾತ್ರ. ಪರಾಗ ಅಂಟಂಟು, ಗಾಳಿಯೊಂದನ್ನೇ ನಂಬಿದರೆ ಆಗದು. ಅದನ್ನು ಹೊತ್ತು ತಿರುಗುವವು ನೊಣಗಳು ಮತ್ತು ಕೋಲುಜೇನು, ತುಡುವೆ, ಮುಜಂಟಿ ಎಂಬ ಜೇನುಗಳು. ತಿಪ್ಪೆಯ ಮೇಲಿನ ನೊಣ ಕೂಡ ಮಾವಿನ ಹೂವಿಗೆ ಬೇಕಾದದ್ದೇ, ಅದನ್ನು ಅಸಹ್ಯಪಡುವವರು ಹೂ ಬಿಟ್ಟ ಮರದ ಕೆಳಗೆ ಒಂದು ಗಳಿಗೆ ನಿಂತು ನೋಡಬೇಕು. ಈಗ ಆ ಮರದ ಕೆಳಗೆ ನಿಂತರೆ ಗುಂಯ್ ಎನ್ನುವ ಸದ್ದೇ ಇಲ್ಲ. ಹೂ ಬುಟ್ಟಿಗಟ್ಟಲೆ ಉದುರುತ್ತದೆ, ಹೀಚು ಹುಡುಕಬೇಕು. ಕಾಯಿ ಕಚ್ಚಲಿಲ್ಲ ಎಂದು ಗುತ್ತಿಗೆಯವರು ಮತ್ತೊಂದು ಸುತ್ತು ಔಷಧಿ ಹೊಡೆಯುತ್ತಾರೆ.

1990ರ ದಶಕದಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದ ತುಡುವೆ ಕುಟುಂಬಗಳು ಅಪಾರವಾಗಿ ನಾಶವಾದವು. ಅದು ವೈರಸ್, ಯಾರನ್ನು ಬೈಯುವುದು? ಇದು ಹಾಗಲ್ಲ, ಇದನ್ನು ತಡೆಯಬಹುದು. ಒಂದು ಕೈಯಲ್ಲಿ ಸಹಾಯಧನ ಕೊಟ್ಟು ಜೇನು ಪೆಟ್ಟಿಗೆ ಇಡಿಸಿ, ಅದೇ ಊರಿನಲ್ಲಿ ಹೂವಿಗೆ ವಿಷ ಬೀಳುವುದನ್ನು ಕಂಡೂ ಸುಮ್ಮನಿದ್ದರೆ ಆ ಹಣ ನೀರುಪಾಲು.

ಹೂ ಅರಳಿದಾಗ ಔಷಧಿ ಬೇಡ ಎಂದು ಸ್ಪಷ್ಟ ಆದೇಶ ಹೊರಡಿಸಿ. ಔಷಧಿ ಅಂಗಡಿಗಳಲ್ಲಿ ಅದನ್ನು ದಪ್ಪ ಕನ್ನಡ ಅಕ್ಷರದಲ್ಲಿ ತೂಗುಹಾಕಿಸಿ. ಬೇರೆ ಬೆಳೆಗೆ ಹೊಡೆಯುವುದಿದ್ದರೂ ಸಂಜೆ ಜೇನು ಗೂಡು ಸೇರಿದ ಮೇಲೆ, ಅಕ್ಕಪಕ್ಕದವರಿಗೆ ಹಿಂದಿನ ದಿನವೇ ತಿಳಿಸಿ ಹೊಡೆಯಲಿ. ದೂರು ಕೊಟ್ಟರೆ ಬಂದು ನೋಡುವ ಅಧಿಕಾರಿ ಯಾರೆಂದು ಗೊತ್ತುಮಾಡಿ. ಮೊದಲು ಹೂವಿಗೆ ಔಷಧಿ ನಿಲ್ಲಿಸಿ, ಸ್ವಾಮಿ. ಮುಂದಿನ ಹೂ ಬರುವ ಮೊದಲೇ ಆಗಬೇಕು. ಹೂ ಬಂದ ಮೇಲೆ ಸಭೆ ಕರೆದರೆ ಆ ವರ್ಷವೂ ಹೋದಂತೆಯೇ.

ಇಂತಿ,
ಕೋಲಾರ ಸೀಮೆಯ ಒಬ್ಬ ಮಾವು ಬೆಳೆಗಾರ