ಮಚ್ಚನ್ನ ಅಕ್ಕಿ ಡಬ್ಬದಲ್ಲಿಡು

ಸ್ಟಟ್‌ಗಾರ್ಟ್, ಜರ್ಮನಿ
ಫೆಬ್ರವರಿ 22, ಭಾನುವಾರ

ಅಮ್ಮನಿಗೆ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ.

ನಿನ್ನ ಪತ್ರ ಓದಿದೆ. ರಮಾ ಮಗಳ ನಾಮಕರಣ, ಹೊಸ ಮಿಕ್ಸಿ, ಮಲ್ಲೇಶ್ವರದ ಅವರೆಕಾಯಿ ರೇಟು ಎಲ್ಲ ಬರೆದು, ಕೊನೇ ಸಾಲಲ್ಲಿ "ಅಪ್ಪ ಏಣಿಯಿಂದ ಜಾರಿದರು, ಗಾಬರಿಯಾಗುವಂಥದ್ದೇನಿಲ್ಲ" ಅಂತೀಯಲ್ಲ! ಫೋನಲ್ಲಿ ಕೇಳಿದ್ರೆ ಅಪ್ಪ ಪಕ್ಕದಲ್ಲೇ ಕೂತು "ಏನಿಲ್ಲ ಅನ್ನು" ಅಂತ ಪಿಸುಗುಟ್ಟೋದು ನನಗೆ ಕೇಳಿಸತ್ತೆ. ಅದಕ್ಕೇ ಬರೀತಿದೀನಿ.

ತಲೆಗೆ ಪೆಟ್ಟು ಬಿತ್ತಾ? ಅಪ್ಪ ರಕ್ತ ತೆಳುವಾಗೋ ಮಾತ್ರೆ ತಗೋತಾರೆ. ಅಂಥವರಿಗೆ ಹೊರಗೆ ಬುಗುಟು ಏಳದೇ ಇದ್ರೂ ಒಳಗೆ ರಕ್ತ ಸೋರಬಹುದು, ಎಷ್ಟೋ ದಿನದ ಮೇಲೆ ಗೊತ್ತಾಗಬಹುದು. ನಾಳೆ ಬೆಳಗ್ಗೆನೇ ಜಯನಗರದ ಮಾವನ್ನ ಕರ್ಕೊಂಡು ಹೋಗಿ, ಬಿದ್ದದ್ದು, ಮಾತ್ರೆ ಎರಡೂ ಡಾಕ್ಟರಿಗೆ ಹೇಳಿ, ಸ್ಕ್ಯಾನ್ ಬೇಕಾ ಕೇಳು. ತಲೆನೋವು, ವಾಂತಿ, ಮಾತು ತೊದಲೋದು ಏನಾದ್ರೂ ಇದ್ರೆ ಬೆಳಗಾಗೋವರೆಗೂ ಕಾಯಬೇಡಿ. ಕೊಬ್ಬರಿ ಎಣ್ಣೆ ಹಚ್ಚಿದೀನಿ ಅಂತ ಉತ್ತರ ಬರೀಬೇಡ.

ಅಷ್ಟಕ್ಕೂ ಹೂ ಬಿಟ್ಟ ನುಗ್ಗೆ ಕಡಿಯೋಕೆ ಏನವಸರ? ಪಕ್ಕದ ಮನೆಯವರ ಕಾರಿನ ಮೇಲೆ ಎಲೆ ಉದುರಿದ್ರೆ ಉದುರಲಿ. ನುಗ್ಗೆ ಕೊಂಬೆ ಬೆಂಡಿದ್ದ ಹಾಗೆ, ಬಾಗೋದಿಲ್ಲ, ಪಟಕ್ಕಂತ ಮುರಿಯತ್ತೆ. ಅದಕ್ಕೆ ಏಣಿ ಒರಗಿಸಿದ್ರಲ್ಲ! ಕಾಯಿ ಮುಗಿದ ಮೇಲೆ, ಮಳೆಗೆ ಮುಂಚೆ, ಆಳು ಕರೆಸಿ ಎದೆಯೆತ್ತರಕ್ಕೆ ಕಡಿಸು, ಮತ್ತೆ ಚಿಗುರತ್ತೆ. ತೆಂಗಿನ ಗರಿ ಕರೆಂಟ್ ತಂತಿಗೆ ತಾಗ್ತಿದೆ ಅಂದೆಯಲ್ಲ, ಅಪ್ಪ ಕಬ್ಬಿಣದ ದೋಟಿ ಹಿಡ್ಕೊಂಡು ಹೊರಡೋಕೆ ಮುಂಚೆ 1912ಕ್ಕೆ ಫೋನ್ ಮಾಡು, ಅದು ಬೆಸ್ಕಾಂನವರ ಕೆಲಸ.

ಕಸದ ಆಟೋದವರು ರೆಂಬೆ ಎತ್ತಲ್ಲ ಅಂದ್ರೂ ರಾಶಿಗೆ ಬೆಂಕಿ ಹಚ್ಚಬೇಡಿ, ನಿನ್ನ ಉಬ್ಬಸ ಗೊತ್ತಲ್ಲ. ಎರಡು ದಿನ ಬಿಟ್ಟು ಕೊಡವಿದ್ರೆ ನುಗ್ಗೆ ಎಲೆಯೆಲ್ಲ ಉದುರತ್ತೆ, ಮಲ್ಲಿಗೆ ಬುಡಕ್ಕೆ ಹಾಕು.

ಇಲ್ಲೂ ಇದೇ ಗಡಿಬಿಡಿ. ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಬೇಲಿ ಗಿಡ ಬುಡಮಟ್ಟ ಕಡಿಯೋ ಹಾಗಿಲ್ಲ, ಹಕ್ಕಿ ಗೂಡು ಕಟ್ಟೋ ಕಾಲ ಅಂತ ದೇಶಕ್ಕೆಲ್ಲ ಕಾನೂನೇ ಇದೆ. ಭಾನುವಾರ ಮೆಷಿನ್ ಸದ್ದು ಮಾಡಂಗಿಲ್ಲ. ಹಾಗಾಗಿ ನಿನ್ನೆ ಇಡೀ ದಿನ ಓನರ್ ಅಜ್ಜಿ ನನ್ನನ್ನ ದುಡಿಸಿದ್ರು. ರೆಂಬೆಯೆಲ್ಲ ಮೊಳದುದ್ದ ತುಂಡು ಮಾಡಿ ಹಸಿ ಕಸದ ಕಂದು ಡಬ್ಬಿಗೆ ತುಂಬಿದ್ವಿ. ಒಳಗೆಲ್ಲೋ ಒಂದು ಪ್ಲಾಸ್ಟಿಕ್ ದಾರ ಸೇರಿತ್ತು ಅಂತ ಅಜ್ಜಿ ಅರ್ಧ ಡಬ್ಬಿ ಮತ್ತೆ ಕೆಳಗೆ ಸುರಿದು ಹುಡುಕಿದ್ರು! ನಗಬೇಡ, ಊರು ಚೊಕ್ಕಟವಾಗಿರೋದು ಸುಮ್ಮನೆ ಅಲ್ಲ. ಎಪ್ಪತ್ತೆಂಟರ ಅಜ್ಜಿ ತಾವೇ ಏಣಿನೂ ಹತ್ತಿದ್ರು. ಇದನ್ನ ಅಪ್ಪನಿಗೆ ಓದಿ ಹೇಳಬೇಡ.

ಫೋಟೋದಲ್ಲಿ ನನ್ನ ಹೆಬ್ಬೆರಳಿನ ಬ್ಯಾಂಡೇಜ್ ಕಂಡು ಏನೇನೋ ಊಹಿಸಬೇಡ. ಕತ್ತರಿ ತಾಗಿದ್ದು ಅಷ್ಟೆ. ಎರಡೇ ಹೊಲಿಗೆ, ಅವೂ ಸಣ್ಣವು. ಟಿಟಿ ಆಗಿದೆ. ಚೆನ್ನಾಗಿದೀನಿ, ತುಂಬ ಚೆನ್ನಾಗಿದೀನಿ.

ಸ್ಕ್ಯಾನಿಗೆ, ಆಳಿಗೆ ಅಂತ 15,000 ಹಾಕಿದೀನಿ, ನಿನ್ನ ಖಾತೆಗೆ. ಮಚ್ಚನ್ನ ಅಟ್ಟದ ಮೇಲೆ ಬಚ್ಚಿಡು. ಬೇಡ, ಅದಕ್ಕೂ ಏಣಿ ಬೇಕಲ್ಲ, ಅಕ್ಕಿ ಡಬ್ಬದಲ್ಲಿಡು. ಕುಕ್ಕರ್ ಕೂಗ್ತಿದೆ, ರಿಪೋರ್ಟ್ ಫೋಟೋ ತಕ್ಷಣ ಕಳಿಸು.

ನಿನ್ನ
ಸುಮ